ಕೀ ಉತ್ತರ ನೋಡದ ಅಭ್ಯರ್ಥಿ

ನನ್ನ ಬಳಿ ಸಲಹೆಗೆ ಬಂದ ಅಭ್ಯರ್ಥಿಯೊಬ್ಬನ ಕಥೆ ಇದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಲ್ಲಿ ಇದೇ ತೊಡಕು ಮತ್ತೆ ಮತ್ತೆ ಕಾಣುವುದರಿಂದ ಬರೆಯಬೇಕಾಯಿತು.

27ರ ಯುವಕ, ಧಾರವಾಡದಲ್ಲಿ ರೂಮು, ಕೆಎಎಸ್ (ರಾಜ್ಯ ಆಡಳಿತ ಸೇವೆ) ಪ್ರಿಲಿಮ್ಸ್, ಅಂದರೆ ಪೂರ್ವಭಾವಿ ಪರೀಕ್ಷೆ, ಎರಡು ಸಲ ಕೈಕೊಟ್ಟಿದೆ. ಗೋಡೆಯ ಮೇಲೆ ತನ್ನ ಹೆಸರಿನ ಕೆಳಗೆ ‘ಉಪವಿಭಾಗಾಧಿಕಾರಿ’ ಎಂದು ಬರೆಸಿದ ಫಲಕ. ‘ನಾನು ಆಯ್ಕೆಯಾಗಿದ್ದೇನೆ’ ಎಂದು ಬೆಳಿಗ್ಗೆ 3, ಮಧ್ಯಾಹ್ನ 6, ರಾತ್ರಿ 9 ಸಲ ಬರೆಯುವ ವ್ರತ; ಗಟ್ಟಿಯಾಗಿ ನಂಬಿದರೆ ಬಯಸಿದ್ದು ಸಿಗುತ್ತದೆ ಎಂಬ ಸೂತ್ರ. ಊರಿಗೆ ಫೋನ್ ಮಾಡಲು ಅಳುಕು. ಖಿನ್ನತೆ ಇದೆಯೇ ಎಂದು ಮೊದಲೇ ನೋಡಿದೆ, ಇರಲಿಲ್ಲ.

ಎರಡನೇ ಭೇಟಿಗೆ ಟೆಸ್ಟ್ ಸೀರೀಸ್‌ನ ಹಾಳೆಗಳನ್ನು ತರಲು ಹೇಳಿದ್ದೆ. ತಂದ. ಒಂದರಲ್ಲೂ ಅಂಕವಿಲ್ಲ.

“ಟೆಸ್ಟ್ ಬರೀತೀನ್ರಿ ಸರ್, ಕೀ ನೋಡೂದಿಲ್ಲ. ತಪ್ಪು ಎಣಸ್ಕೋಂತ ಕುಂತ್ರ ಮನಸ್ಸು ನೆಗೆಟಿವ್ ಆಗ್ತೈತ್ರಿ. ಹೋದ ಸಲ ಪರೀಕ್ಷಾ ಹೋಗಿದ್ದೂ ಅದಕ್ಕ, ನನ್ನ ನಂಬಿಕಿನ ಕಡಿಮಿ ಬಿತ್ತು.”

ಪಾಸಾದರೆ ನಂಬಿಕೆಯ ಫಲ, ಫೇಲಾದರೆ ನಂಬಿದವನ ತಪ್ಪು. ಈ ಲೆಕ್ಕದಲ್ಲಿ ಸೂತ್ರ ಎಂದೂ ಸೋಲುವುದಿಲ್ಲ. ಹುಡುಗರು ಸೋಲುತ್ತಾರೆ.

ವಾದಕ್ಕಿಳಿಯದೆ ಒಂದು ಹಾಳೆ ತೆಗೆದು ಕೀ ಜೊತೆ ಇಟ್ಟೆವು. ಪ್ರಿಲಿಮ್ಸ್‌ನ ಪತ್ರಿಕೆಯಂತೆಯೇ 100 ಪ್ರಶ್ನೆ, 200 ಅಂಕ, ತಪ್ಪಿಗೆ ಕಾಲು ಭಾಗ ಕಡಿತ. ಸರಿ 46, ತಪ್ಪು 54. ಅಂದರೆ 92ರಲ್ಲಿ 27 ಕಳೆದು 65. ಆಮೇಲೆ ತಪ್ಪುಗಳನ್ನು ಆತನಿಂದಲೇ ಮೂರು ರಾಶಿ ಮಾಡಿಸಿದೆ: ಓದೇ ಇಲ್ಲದ್ದು 21, ಓದಿ ಮರೆತದ್ದು 22, ಗೊತ್ತಿದ್ದೂ ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದು 11. ಈ ಹನ್ನೊಂದರಲ್ಲಿ ಹೆಚ್ಚಿನವು ‘ಸರಿಯಲ್ಲದ ಹೇಳಿಕೆ ಗುರುತಿಸಿ’ ಎಂಬಂಥವು. ಒಂದೊಂದಕ್ಕೂ ಸಿಗಬೇಕಿದ್ದ 2 ಅಂಕ, ಮೇಲೆ ಅರ್ಧ ಅಂಕದ ದಂಡ, ಹನ್ನೊಂದಕ್ಕೆ ಒಟ್ಟು 27.5 ಅಂಕ, ಹೊಸದಾಗಿ ಒಂದಕ್ಷರ ಓದದೆ ಸಿಗುವಂಥದ್ದು. ಆತ ಆ ಸಂಖ್ಯೆಯನ್ನು ಎರಡು ಸಲ ಕೂಡಿ ನೋಡಿದ.

ಕನಸಿಗೆ ನನ್ನ ತಕರಾರಿಲ್ಲ. ಆದರೆ 1999ರಲ್ಲಿ ಮನೋವಿಜ್ಞಾನಿಗಳಾದ ಫಾಮ್ ಮತ್ತು ಟೇಲರ್ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆಯ ಅಂಕ ಬಂದಂತೆ ದಿನವೂ ಕಲ್ಪಿಸಿಕೊಂಡ ವಿದ್ಯಾರ್ಥಿಗಳಿಗಿಂತ ತಾವು ಕುಳಿತು ಓದುವುದನ್ನು ಕಲ್ಪಿಸಿಕೊಂಡವರು ಹೆಚ್ಚು ಓದಿದರು, ಹೆಚ್ಚು ಅಂಕವನ್ನೂ ಪಡೆದರು. ಗೇಬ್ರಿಯೆಲ್ ಓಟಿಂಗೆನ್ ಅವರ 2002ರ ಅಧ್ಯಯನದಲ್ಲಿ, ಕೆಲಸ ಸಿಕ್ಕಂತೆ ಸುಖವಾಗಿ ಕನಸು ಕಂಡ ಪದವೀಧರರು ಕಳಿಸಿದ ಅರ್ಜಿಗಳೇ ಕಡಿಮೆ. ಹಿಂದಿನ ಅನುಭವದ ಮೇಲೆ ‘ನನಗೆ ಸಿಗಬಹುದು’ ಎಂದು ನಿರೀಕ್ಷಿಸಿದವರಿಗೆ ಆ ನಿರೀಕ್ಷೆ ನೆರವಾಯಿತು. ನಿರೀಕ್ಷೆ ಬೇರೆ, ಹಗಲುಗನಸು ಬೇರೆ.

ಹಾಗಾಗಿ ಫಲಕ ಇಳಿಸಿ ಎನ್ನಲಿಲ್ಲ. ಅದರ ಕೆಳಗೆ ಒಂದು ಚೀಟಿ ಅಂಟಿಸಲು ಹೇಳಿದೆ: ಈ ವಾರದ ಒಂದು ಗುರಿ, ಅದು ಕೈಗೂಡಿದರೆ ಏನು ಸಿಗುತ್ತದೆ, ನನ್ನೊಳಗೇ ಇರುವ ಅಡ್ಡಿ ಯಾವುದು, ‘ಹೀಗಾದರೆ ಹೀಗೆ ಮಾಡುತ್ತೇನೆ’ ಎಂಬ ಒಂದು ವಾಕ್ಯ. ಜನ ಎಡವುವುದು ಮೂರನೆಯದರಲ್ಲಿ; ‘ಆಯೋಗ ತಡ ಮಾಡುತ್ತದೆ’ ಎಂದು ಬರೆಯುತ್ತಾರೆ. ಅದು ನಿಜವೇ ಇರಬಹುದು, ಆದರೆ ಇವರ ಕೈಯಲ್ಲಿಲ್ಲ. ನಾಲ್ಕನೆಯದಕ್ಕೆ ಆತ ಮೊದಲು ಬರೆದದ್ದು ‘ಗಮನವಿಟ್ಟು ಓದುತ್ತೇನೆ’. ಹೊಡೆದು ಹಾಕಿಸಿದೆ. ತಿದ್ದಿದ್ದು ಹೀಗೆ: ‘ಪ್ರಶ್ನೆಯಲ್ಲಿ “ಅಲ್ಲ”, “ಇಲ್ಲ” ಕಂಡರೆ, ಅದರಡಿ ಗೆರೆ ಎಳೆದ ಮೇಲೆಯೇ ಆಯ್ಕೆಗಳನ್ನು ನೋಡುತ್ತೇನೆ.’ ಕೀ ನೋಡುವುದು ಟೆಸ್ಟ್ ಮುಗಿದ ದಿನವೇ, ಮೂರು ರಾಶಿ ಸಮೇತ.

ನನ್ನ ಇನ್ನೊಂದು ಸಲಹೆಗೆ ಸಹೋದ್ಯೋಗಿಯೊಬ್ಬರು ಬೇಸರಿಸಿದರು, ಹುಡುಗನ ಆಸೆ ಚಿವುಟಿದಿರಿ ಎಂದರು. ನಾನು ಹೇಳಿದ್ದು ಇಷ್ಟು: ಇನ್ನೆಷ್ಟು ಪ್ರಯತ್ನ ಎಂದು ಈಗಲೇ ಬರೆದಿಡಿ, ಜೊತೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಹುದ್ದೆಗಳಿಗೆ ಕರೆದಾಗ ಅರ್ಜಿ ಹಾಕಿ. ಅಡ್ಡಿಯನ್ನು ನೇರ ನೋಡುವ ಈ ಕ್ರಮದಲ್ಲಿ ಕೆಲವರು ಗುರಿ ಬಿಡುವುದೂ ಉಂಟು. ಅದನ್ನು ನಾನು ಸೋಲೆಂದು ಎಣಿಸುವುದಿಲ್ಲ; ವರ್ಷಗಳನ್ನು ಕಳೆದುಕೊಂಡು ಬರುವವರನ್ನು ಆ ಸಹೋದ್ಯೋಗಿಗಿಂತ ಹೆಚ್ಚು ನೋಡುತ್ತಿರುವವನು ನಾನು.

ಆರು ವಾರಕ್ಕೆ ಮೂರನೇ ರಾಶಿ 11ರಿಂದ 4ಕ್ಕೆ ಇಳಿದಿದೆ. ಮೊದಲ ರಾಶಿ ಹೆಚ್ಚುಕಡಿಮೆ ಹಾಗೇ ಇದೆ. ಅದರಲ್ಲಿ ಅರ್ಧ ಅರ್ಥಶಾಸ್ತ್ರ, ಆತ ಆ ಪುಸ್ತಕವನ್ನು ಇನ್ನೂ ಕೊಂಡಿಲ್ಲ.