ಒಂದೇ ಅಳತೆಯ ಕಿರಣ, ಎರಡು ಮೈ

ಮಾನ್ಯ ಸಂಪಾದಕರೇ,
ನನ್ನ ಹೆಂಡತಿಗೂ ಅವಳ ಓರಗಿತ್ತಿಗೂ ಸ್ತನ ಕ್ಯಾನ್ಸರ್‌ಗೆ ಒಂದೇ ಆಸ್ಪತ್ರೆಯಲ್ಲಿ, ಒಂದೇ ಪ್ರಮಾಣದ ‘ಕರೆಂಟ್’, ಅಂದರೆ ವಿಕಿರಣ ಚಿಕಿತ್ಸೆ, ಕೊಟ್ಟರು. ಓರಗಿತ್ತಿಯ ಚರ್ಮ ಕೊಂಚ ಕಪ್ಪಾಯಿತಷ್ಟೆ. ನನ್ನ ಹೆಂಡತಿಗೆ ಕಂಕುಳಲ್ಲಿ ಚರ್ಮ ಸುಲಿದು ತಿಂಗಳುಗಟ್ಟಲೆ ರವಿಕೆ ತೊಡಲಾಗಲಿಲ್ಲ. ಪ್ರತಿದಿನದ ನೋವನ್ನೂ ಅವಳು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾಳೆ. ಮೊದಲೇ ಜೀನ್ ಪರೀಕ್ಷೆ ಮಾಡಿಸಿದ್ದರೆ ಇದು ತಪ್ಪುತ್ತಿತ್ತೇ?
— ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ:

ನಿಮಗೇ ಅರಿವಿಲ್ಲದೆ ಒಳ್ಳೆಯ ಸಾಕ್ಷ್ಯವೊಂದನ್ನು ಮುಂದಿಟ್ಟಿದ್ದೀರಿ. ಓರಗಿತ್ತಿಯರು ಉಣ್ಣುವುದು ಒಂದೇ ಮನೆಯ ಅನ್ನವಾದರೂ ಅವರ ರಕ್ತ ಬೇರೆ ಬೇರೆ ತವರಿನದು. ಹಾಗೆಂದು ಇಬ್ಬರನ್ನಷ್ಟೇ ನೋಡಿ ವಂಶವಾಹಿಯನ್ನು ದೂರುವಂತಿಲ್ಲ. ಸ್ತನದ ಗಾತ್ರ, ಮೈತೂಕ, ಮಡಿಕೆಗಳಲ್ಲಿ ಕಿರಣ ಹೆಚ್ಚು ಬೀಳುವುದು, ಇವೂ ಚರ್ಮವನ್ನು ಕೆಡಿಸುತ್ತವೆ.

ವಿಕಿರಣವು ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ. ಅದನ್ನು ಮತ್ತೆ ಬೆಸೆಯುವ ಕಸುಬು ಎಲ್ಲರ ಜೀವಕೋಶಗಳಿಗೂ ಒಂದೇ ಸಮನಾಗಿ ಒಲಿದಿಲ್ಲ. ಎಟಿಎಂ ಎಂಬ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟು, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ಅಪರೂಪದ ಕಾಯಿಲೆಗೆ ಗುರಿಯಾದ ಮಕ್ಕಳ ಮೈ ಮಾಮೂಲಿ ಪ್ರಮಾಣದ ವಿಕಿರಣವನ್ನೂ ತಾಳದೆ ಹೋದದ್ದನ್ನು ವೈದ್ಯರು 1960ರ ದಶಕದಲ್ಲೇ ಕಂಡಿದ್ದರು. ಆ ವಂಶವಾಹಿಯನ್ನು ಟೆಲ್ ಅವೀವ್‌ನ ಯೋಸೆಫ್ ಶಿಲೋ ಅವರ ತಂಡ ಹಿಡಿದದ್ದು 1995ರಲ್ಲಿ. ಕ್ಯಾನ್ಸರನ್ನು ತಡೆಯುವ ಟಿಪಿ53 ಎಂಬ ವಂಶವಾಹಿ ಹುಟ್ಟಿನಿಂದಲೇ ಕೆಟ್ಟಿರುವವರಲ್ಲಿ ಕಿರಣ ಬಿದ್ದಲ್ಲೇ ಇನ್ನೊಂದು ಕ್ಯಾನ್ಸರ್ ಏಳುವ ಭಯವಿರುವುದರಿಂದ, ಸಾಧ್ಯವಿದ್ದಲ್ಲೆಲ್ಲ ವಿಕಿರಣವನ್ನು ತಪ್ಪಿಸುತ್ತಾರೆ. ಇಂಥವರ ಮಟ್ಟಿಗೆ ನಿಮ್ಮ ಮಾತು ಸರಿ.

ಉಳಿದವರ ಕತೆ ಬೇರೆ. ವರ್ಷಗಟ್ಟಲೆ ಸಣ್ಣ ಸಣ್ಣ ಅಧ್ಯಯನಗಳು ‘ಈ ಜೀನು, ಆ ಜೀನು’ ಎಂದು ಘೋಷಿಸುತ್ತಲೇ ಬಂದವು. 2012ರಲ್ಲಿ ಬ್ರಿಟನ್ನಿನ ಸಂಶೋಧಕರು 46 ವಂಶವಾಹಿಗಳ 92 ವ್ಯತ್ಯಾಸಗಳನ್ನು 1,613 ರೋಗಿಗಳಲ್ಲಿ ಒರೆಗೆ ಹಚ್ಚಿದಾಗ ಒಂದೂ ನಿಲ್ಲಲಿಲ್ಲ. ಸೋತದ್ದನ್ನು ಸೋತೆವೆಂದೇ ಅಚ್ಚು ಹಾಕಿಸಿದ ಆ ಪ್ರಬಂಧದ ಮೇಲೆ ನನಗೆ ವಿಶೇಷ ಮಮತೆ. ಅನಂತರದ ದೊಡ್ಡ ಹುಡುಕಾಟಗಳಲ್ಲಿ ಕೆಲವು ಗುರುತುಗಳು ಸಿಕ್ಕಿವೆಯಾದರೂ, ಸಾಮಾನ್ಯ ವ್ಯತ್ಯಾಸಗಳ ಪ್ರಭಾವ ಒಂದೊಂದಾಗಿ ನೋಡಿದರೆ ಅಲ್ಪ. ಆದ್ದರಿಂದ ಇಂದು ನೀವು ದುಡ್ಡು ಸುರಿದು ಪರೀಕ್ಷೆ ಮಾಡಿಸಿದರೂ ನಿಮ್ಮ ಹೆಂಡತಿಯ ಕಂಕುಳು ಸುಲಿಯುವುದೇ ಎಂಬುದಕ್ಕೆ ನಂಬಬಹುದಾದ ಉತ್ತರ ಬರುವುದಿಲ್ಲ.

ಇಂಥ ಹುಡುಕಾಟಕ್ಕೆ ರಕ್ತ ಸುಲಭವಾಗಿ ಸಿಗುತ್ತದೆ. ಸಿಗದಿರುವುದು, ಯಾರಿಗೆ, ಯಾವಾಗ, ಎಷ್ಟು ನೋವಾಯಿತು ಎಂಬ ನಂಬಿಕೆಯ ಬರಹ. ಚರ್ಮ ಸುಲಿಯುವುದು ವಾರಗಳಲ್ಲಿ ಕಾಣುತ್ತದೆ. ಒಳಗಿನ ಮಾಂಸ ಗಟ್ಟಿಯಾಗುವುದು ಎಷ್ಟೋ ವರ್ಷಗಳ ಮೇಲೆ, ಬಸ್ ಚಾರ್ಜಿಗೆ ಹೆದರಿ ರೋಗಿ ಆಸ್ಪತ್ರೆಗೆ ಬರುವುದನ್ನೇ ಬಿಟ್ಟ ಮೇಲೆ. ನನ್ನ ಸೋದರತ್ತೆಗೆ ಕೋಬಾಲ್ಟ್ ಯಂತ್ರದಲ್ಲಿ ಚಿಕಿತ್ಸೆಯಾಗಿತ್ತು. ಎದೆಯ ಮೇಲೆ ಎಳೆದ ಶಾಯಿಯ ಗೆರೆ ಅಳಿಸದಂತೆ ಆಕೆ ತಿಂಗಳಿಡೀ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡಳು. ಒಂಬತ್ತು ವರ್ಷಗಳ ಮೇಲೆ ತೋಳು ಎತ್ತಲಾಗದೆ ಹೋದಾಗ, ಎಷ್ಟು ಕೊಟ್ಟಿದ್ದರೆಂದು ಕೇಳಲು ಹೋದೆವು. ಹಳೆಯ ಕಡತಗಳನ್ನು ರದ್ದಿಗೆ ಹಾಕಿದ್ದೇವೆ ಎಂದರು. ಆಕೆಯ ತೋಳಿನ ಸಂಗತಿ ಯಾವ ವಿಜ್ಞಾನಕ್ಕೂ ಸೇರಲಿಲ್ಲ. ಈ ಕ್ಷೇತ್ರದ ದೊಡ್ಡ ಅಧ್ಯಯನಗಳಲ್ಲಿ ಬಹುಪಾಲು ಯೂರೋಪ್ ಮೂಲದವರೇ ಇದ್ದಾರೆಂದು ನಾವು ಗೊಣಗುತ್ತೇವೆ. ಕಡತ ರದ್ದಿಗೆ ಹಾಕುವವರು ಯಾವ ಬಾಯಲ್ಲಿ ಗೊಣಗಬೇಕು?

ಎಲ್ಲರೂ ಹಾಗಿಲ್ಲವೆನ್ನಿ. ನಮ್ಮ ಮಣಿಪಾಲದ ಸಂಶೋಧಕರು ಸ್ತನ ಕ್ಯಾನ್ಸರ್ ರೋಗಿಗಳ ಬಿಳಿ ರಕ್ತಕಣಗಳಿಗೆ ಪ್ರಯೋಗಾಲಯದಲ್ಲಿ ವಿಕಿರಣ ಕೊಟ್ಟು, ಕಡಿದ ಡಿಎನ್‌ಎ ಎಷ್ಟು ಬೇಗ ಬೆಸೆದುಕೊಳ್ಳುತ್ತದೆಂದು ಅಳೆದು, ಅದನ್ನು ಆ ರೋಗಿಗಳದೇ ಚರ್ಮದ ಸ್ಥಿತಿಗೆ ಹೋಲಿಸಿ ನೋಡಿದ್ದಾರೆ. ಯಂತ್ರದ ಜೊತೆ ಮೈಯನ್ನೂ ವಿಚಾರಿಸುವ ಇಂಥ ಕೆಲಸಕ್ಕೆ ನಮ್ಮ ಪತ್ರಿಕೆಗಳು, ನನ್ನದನ್ನೂ ಸೇರಿಸಿ, ಹೊಸ ಯಂತ್ರದ ಉದ್ಘಾಟನೆಗೆ ಕೊಡುವ ಕಾಲು ಭಾಗ ಜಾಗವನ್ನೂ ಕೊಟ್ಟಿಲ್ಲ.

ಜೀನ್ ಪರೀಕ್ಷೆಯ ಬಗ್ಗೆ ನಾಲ್ಕು ಪುಟ ಬರೆದ ತಾವು, ಆ ಕ್ಯಾಲೆಂಡರನ್ನು ವೈದ್ಯರಿಗೆ ತೋರಿಸಿದಿರಾ ಎಂಬುದನ್ನು ಬರೆದಿಲ್ಲ. ಮುಂದಿನ ತಪಾಸಣೆಗೆ ಅದನ್ನು ಕೊಂಡೊಯ್ದು, ಅದರ ನಕಲು ಕಡತಕ್ಕೆ ಸೇರುವವರೆಗೆ ಅಲ್ಲೇ ಕುಳಿತಿರಿ. ಓರಗಿತ್ತಿಯನ್ನೂ ಕರೆದೊಯ್ಯಿರಿ, ಏನೂ ಆಗದವರ ಲೆಕ್ಕವೂ ಅಷ್ಟೇ ಬೇಕು.