ಬೀಳು ಎನ್ನುವ ಮೊದಲು ಎಕ್ಕದ ಎಲೆ ಮಗುಚಿ ನೋಡಿ

ಕಡೂರು ತಾಲ್ಲೂಕಿನ ಓದುಗರೊಬ್ಬರು ಬರೆಯುತ್ತಾರೆ: “ರಥಸಪ್ತಮಿಯ ಸ್ನಾನಕ್ಕೆಂದು ಎಕ್ಕದ ಎಲೆ ತರಲು ಊರ ಗೋಮಾಳಕ್ಕೆ ಹೋದರೆ ಎಲೆಗಳೆಲ್ಲ ತೂತು, ಪಟ್ಟೆಪಟ್ಟೆಯ ಹುಳುಗಳು ಮೇಯುತ್ತಿದ್ದವು. ಯಾವ ಔಷಧಿ ಹೊಡೆಯಬೇಕು? ಆ ಬೀಳು ನೆಲದಲ್ಲಿ ಅಕೇಶಿಯ ನೆಟ್ಟರೆ ಊರಿಗೆ ಉಪಯೋಗವಲ್ಲವೇ?”

ಮಾನ್ಯರೇ, ದಯವಿಟ್ಟು ಔಷಧಿ ಹೊಡೆಯಬೇಡಿ. ನೀವು ಕಂಡದ್ದು ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳನ್ನು. ಬೆಳೆದ ಚಿಟ್ಟೆಗೆ ಕಿತ್ತಳೆ ಬಣ್ಣದ ರೆಕ್ಕೆಗಳು, ಮುಂದಿನ ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿಯ ಪಟ್ಟಿ, ಬಿಚ್ಚಿದರೆ ಏಳೆಂಟು ಸೆಂಟಿಮೀಟರ್ ಅಗಲ. ಹಿಂದಿನ ರೆಕ್ಕೆಯ ನಡುವೆ ಗಂಡಿಗೆ ನಾಲ್ಕು ಕಪ್ಪು ಚುಕ್ಕೆಗಳು, ಹೆಣ್ಣಿಗೆ ಮೂರು. ಲಿನೇಯಸ್ 1758ರಲ್ಲೇ ಹೆಸರಿಟ್ಟ ಈ ಚಿಟ್ಟೆ ದಟ್ಟ ಕಾಡನ್ನು ಒಲ್ಲದು. ಬಿಸಿಲು ಬೀಳುವ ಹುಲ್ಲುಬಯಲು, ಕುರುಚಲು, ಹೊಲದ ಬದುಗಳೇ ಅದರ ನೆಲೆ.

ಹೆಣ್ಣು ಎಲೆಯ ಅಡಿಯಲ್ಲಿ ಒಂದೊಂದೇ ಮೊಟ್ಟೆಯಿಡುತ್ತದೆ. ಕೆಲವೇ ದಿನಗಳಲ್ಲಿ ಹೊರಬಂದ ಮರಿ ಮೊದಲು ತಿನ್ನುವುದು ತನ್ನ ಮೊಟ್ಟೆಯ ಸಿಪ್ಪೆಯನ್ನೇ. ಅರಸೀಕೆರೆಯ ಹಾದಿಯಲ್ಲೊಮ್ಮೆ ಒಂದು ಹುಳುವನ್ನು ನೋಡುತ್ತ ಅರ್ಧ ಬೆಳಗು ಕುಳಿತಿದ್ದೆ. ಕಪ್ಪು, ಬಿಳಿ, ಹಳದಿಯ ಮೈಮೇಲೆ ಮೂರು ಜೊತೆ ಕಪ್ಪು ಎಳೆಗಳು. ಅದು ಎಲೆಯ ನರವನ್ನು ಕಚ್ಚಿ, ಹಾಲು ಸುರಿದುಹೋಗಲು ಬಿಟ್ಟು, ಆಮೇಲಷ್ಟೇ ಅದರಾಚೆಯ ಭಾಗವನ್ನು ಮೇಯತೊಡಗಿತು. ದನ ಮೂಸಿ ಬಿಡುವ ಆ ಹಾಲಿನ ವಿಷವನ್ನೇ ಮೈಯಲ್ಲಿ ಕೂಡಿಟ್ಟುಕೊಂಡು, ಎರಡು ವಾರಗಳಲ್ಲಿ ಬಲಿತು, ಎಲೆಯಡಿ ತಲೆಕೆಳಗಾಗಿ ನೇತುಬಿದ್ದು ಹಸಿರು ಅಥವಾ ನಸುಗೆಂಪು ಕೋಶವಾಗುತ್ತದೆ. ಚಿಟ್ಟೆಯಾದ ಮೇಲೂ ಆ ಕಹಿ ಉಳಿಯುವುದರಿಂದ ಅದನ್ನು ಒಮ್ಮೆ ಕಚ್ಚಿದ ಹಕ್ಕಿ ಮತ್ತೆ ಕಚ್ಚಲು ಹೋಗದು. ಕಹಿಯಿಲ್ಲದ ಡನಾಯಿಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಇದರ ವೇಷ ತೊಟ್ಟೇ ಬದುಕುತ್ತದೆ!

ಮರ ಬೇಡವೆಂದು ನಾನು ಹೇಳುತ್ತಿಲ್ಲ; ಊರಿಗೆ ನೆರಳೂ ಸೌದೆಯೂ ಬೇಕು. ಆದರೆ ಬಯಲಿನ ತುಂಬ ಅಕೇಶಿಯ ನೆಟ್ಟರೆ ಅದರ ನೆರಳಿನಲ್ಲಿ ಹುಲ್ಲು ಸೊರಗುತ್ತದೆ, ಎಕ್ಕ ಸೊರಗುತ್ತದೆ, ಒಣಗಿದ ಕಾಯಿ ಗಿಲಿಗಿಲಿ ಎನ್ನುವ ಸೆಣಬಿನ ಜಾತಿಯ ಗಿಡಗಳೂ ಸೊರಗುತ್ತವೆ. ಹೆಣ್ಣನ್ನು ಒಲಿಸಿಕೊಳ್ಳುವ ಪರಿಮಳಕ್ಕೆ ಬೇಕಾದ ಸಾರವನ್ನು ಗಂಡು ಚಿಟ್ಟೆ ಹೀರುವುದು ಇಂಥ ಗಿಡಗಳಿಂದಲೇ. ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಕಾಯ್ದಿಟ್ಟ ಅಮೃತಮಹಲ್ ಕಾವಲುಗಳಿರುವ ನಿಮ್ಮ ಸೀಮೆಯಿಂದಲೇ ‘ಬೀಳು’ ಎಂಬ ಮಾತು ಬಂದದ್ದು ನನಗೆ ನೋವಿನ ಸಂಗತಿ. ನಿಮ್ಮ ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದು ಅಲ್ಲಿನ ಹುಲ್ಲನ್ನೂ ಕೃಷ್ಣಮೃಗಗಳನ್ನೂ ಉಳಿಸಲಿಕ್ಕೆ. ಆದರೂ ಉಳುಮೆಯಾಗದ ನೆಲ ಪಹಣಿಯಲ್ಲಿ ಇಂದಿಗೂ ‘ಖರಾಬು’. ಕಾಗದದಲ್ಲಿ ಹಾಗೆ ಬರೆಸಿಕೊಂಡ ನೆಲಕ್ಕೆ ಗುಂಡಿ ತೋಡುವವರು ಯಾರನ್ನೂ ಕೇಳಬೇಕಾಗಿಲ್ಲ ಎಂದುಕೊಂಡಿದ್ದಾರೆ.

ನೀವು ಹುಳುವಿನ ಪಟ್ಟೆಯನ್ನು ಗಮನಿಸಿ ಬರೆದಿರಿ. ಅಂಥ ಕಣ್ಣು ಎಲ್ಲರಿಗೂ ಇರುವುದಿಲ್ಲ. ಮುಂದಿನ ರಥಸಪ್ತಮಿಗೆ ಪ್ರತಿ ಎಲೆಯನ್ನೂ ಮಗುಚಿ ನೋಡಿ, ಮೊಟ್ಟೆಯಿರುವುದನ್ನು ಬಿಟ್ಟು ಬೇರೆ ಎಲೆ ಕೀಳಿ. ಸ್ನಾನಕ್ಕೆ ಬೇಕಾದದ್ದು ಏಳೇ ಎಲೆ.