ಆಸ್ಪತ್ರೆಯಲ್ಲಿರುವ ತಾಯಿಗೆ ಸೋಂಕು ತಗಲದಂತೆ

ದಾವಣಗೆರೆಯಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾದ ನಿಮ್ಮ ತಾಯಿಯವರಿಗೆ ಪಕ್ಕದ ಹಾಸಿಗೆಯವರ ಸೋಂಕು ಗಾಳಿಯಲ್ಲಿ ಬಂದೀತೇ ಎಂದು ಕೇಳಿದ್ದೀರಿ. ಕ್ಷಯ, ದಡಾರ ಗಾಳಿಯಲ್ಲಿ ಹರಡುತ್ತವೆ, ನಿಜ. ಆದರೆ ಇಂಥ ವಾರ್ಡಿನಲ್ಲಿ ನನಗೆ ಹೆಚ್ಚಿನ ಭಯ ಕೈಗಳಿಂದ ಹರಡುವ ಸೋಂಕಿನದ್ದು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ತನ್ನ ಜೊತೆಯ ವೈದ್ಯರಿಂದ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದ ಮೇಲೆ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು.

ತಾಯಿಯವರಿಗೆ ಮೂತ್ರದ ನಳಿಕೆ ಇದೆ ಎಂದಿದ್ದೀರಿ. ಅದರ ಮೇಲೆ ಕಣ್ಣಿಡಿ. ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು, ನೆಲಕ್ಕೆ ತಾಗಬಾರದು. ಎಕ್ಸ್‌ರೇಗೆ ಕರೆದೊಯ್ಯುವಾಗ ಸ್ಟ್ರೆಚರಿನಲ್ಲಿ ಚೀಲವನ್ನು ಹೊಟ್ಟೆಯ ಮೇಲಿಟ್ಟುಬಿಡುತ್ತಾರೆ; ಆಗ ಚೀಲದ ಮೂತ್ರ ರೋಗಾಣುಗಳ ಸಮೇತ ಒಳಕ್ಕೆ ಮರಳಬಹುದು. ನಳಿಕೆ ಇದ್ದಷ್ಟು ದಿನವೂ ಅಪಾಯ ಏರುತ್ತದೆ. ಹಾಗಾಗಿ ದಿನವೂ ವೈದ್ಯರನ್ನು ‘ಇದು ಇನ್ನೂ ಬೇಕೇ?’ ಎಂದು ಕೇಳಿ. ನೀವೇ ಎಳೆಯಬೇಡಿ, ಒಳಗೆ ನೀರು ತುಂಬಿದ ಬಲೂನು ಇರುತ್ತದೆ. ಕೈಗೆ ಡ್ರಿಪ್ ಹಾಕಿದ ಜಾಗ ಕೆಂಪಾದರೆ, ಊದಿದರೆ, ನೋಯುತ್ತಿದ್ದರೆ ಕೂಡಲೇ ನರ್ಸ್‌ಗೆ ತಿಳಿಸಿ.

ಹರಿಹರ, ಜಗಳೂರಿನಿಂದ ನೆಂಟರು ಬರುವುದು ಪ್ರೀತಿಯಿಂದಲೇ. ಆದರೂ ಕೆಮ್ಮು, ಜ್ವರ ಇದ್ದವರು ಫೋನಿನಲ್ಲೇ ವಿಚಾರಿಸಲಿ. ಬಂದವರು ಸ್ಯಾನಿಟೈಸರನ್ನು 20–30 ಸೆಕೆಂಡು, ಬೆರಳ ಸಂದಿಗೂ ತಾಗುವಂತೆ ಉಜ್ಜಿಕೊಳ್ಳಲಿ. ವಾರ್ಡಿನಲ್ಲಿ ಯಾರಿಗಾದರೂ ಭೇದಿಯಿದ್ದರೆ ಸೋಪು, ನೀರೇ ಬೇಕು. ಕೆಲವು ಭೇದಿಯ ರೋಗಾಣುಗಳ ಬೀಜಕಗಳು (ಗಟ್ಟಿ ಕವಚದ ಸುಪ್ತ ರೂಪ) ಸ್ಯಾನಿಟೈಸರಿಗೆ ಸಾಯುವುದಿಲ್ಲ. ಗಾಯದ ಪಟ್ಟಿಯನ್ನು ಮಾತ್ರ ಯಾರೂ ಎತ್ತಿ ನೋಡುವುದು ಬೇಡ. ಸಿಬ್ಬಂದಿಗೆ ‘ಕೈ ಶುಚಿ ಮಾಡಿಕೊಂಡಿರಾ?’ ಎಂದು ನಯವಾಗಿ ಕೇಳಲು ಸಂಕೋಚಪಡಬೇಡಿ. ಅದು ನಿಮ್ಮ ಹಕ್ಕು.